ದೇವರ ಮುಂದಿಟ್ಟ ನೀಲಿ ವೈರು

ಅಖಿಲಾ ಹುಟ್ಟಿದ್ದು ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ. ಮಗ್ಗದ ಕುಣಿಯ ಅಂಚು ಹಿಡಿದೇ ಎದ್ದು ನಿಲ್ಲಲು ಕಲಿತವಳು. ಅಪ್ಪ ಪೆದ್ದಯ್ಯ ಸೀರೆ ನೇಯುತ್ತಿದ್ದರೆ ಒಳಗಿನಿಂದಲೇ "ಅಪ್ಪಾ, ಎಳಿ ಹರೀತು ನೋಡು" ಎಂದು ಕೂಗುತ್ತಿದ್ದಳು. ಮಗ್ಗದ ಸಪ್ಪಳ ಬದಲಾದರೆ ಮೊದಲು ಗೊತ್ತಾಗುತ್ತಿದ್ದುದು ಅವಳ ಕಿವಿಗೆ.

ಡಿಪ್ಲೊಮಾ ಓದಿ ಮಕ್ತಲ್ ದಾರಿಯ ಹತ್ತಿ ಮಿಲ್ಲು ಸೇರಿದಳು. ಅಲ್ಲಿ ಒಂದೊಂದು ಯಂತ್ರಕ್ಕೂ ಒಂದು ಕಂಟ್ರೋಲ್ ಪೆಟ್ಟಿಗೆ. ಯಾವಾಗ ತಿರುಗಬೇಕು, ಯಾವಾಗ ನಿಲ್ಲಬೇಕು ಎಂದು ಯಂತ್ರಕ್ಕೆ ಹೇಳುವುದು ಆ ಪೆಟ್ಟಿಗೆಯೇ. ಅವನ್ನೆಲ್ಲ ನೀಲಿ ವೈರುಗಳಿಂದ ಆಫೀಸಿನ ಕಂಪ್ಯೂಟರಿಗೆ ಜೋಡಿಸಿ, ಮನೆಯಲ್ಲಿ ಕೂತೇ ಲ್ಯಾಪ್‌ಟಾಪಿನಲ್ಲಿ ಅವುಗಳ ಹೊಟ್ಟೆಯೊಳಗಿನದನ್ನು ನೋಡುವಂತೆ ಮಾಡಿದವಳು ಅಖಿಲಾ.

ನಾರಾಯಣಪೇಟೆಗೆ ಜಿಲ್ಲೆಯೆಂಬ ಹೆಸರು ಬಂದ ವರ್ಷದ ದಸರೆಗೆ ಅವಳು ತವರಿನಲ್ಲಿ ಬಾಣಂತಿ. ಪುರುಡು ಇನ್ನೂ ಕಳೆದಿರಲಿಲ್ಲ, ಹೊಸಿಲು ದಾಟುವಂತಿರಲಿಲ್ಲ. ಹಬ್ಬದ ಮರುದಿನವೇ ಮಿಲ್ಲು ಶುರುವಾಗಬೇಕಿತ್ತು. "ನೀ ಇಲ್ಲದ ಹೆಂಗವ್ವ?" ಎಂದು ಮಿಲ್ಲಿನ ಸಾವುಕಾರ ನರಸಿಂಹುಲು ಕೇಳಿದ್ದಕ್ಕೆ, "ನಾ ಇಲ್ಲಿಂದನ ನೋಡ್ಕೊಂತೀನ್ರಿ, ಹೊರಗಿನ ಮಂದಿ ಬ್ಯಾಡ" ಅಂದಿದ್ದಳು.

ಆ ದಿನ ಬೆಳಿಗ್ಗೆ ಗೇಟಿನ ಮುಂದೆ ಹತ್ತಿ ಟ್ರ್ಯಾಕ್ಟರುಗಳು ಸಾಲು ನಿಂತವು. ಬೀಜ ಬಿಡಿಸುವ ಯಂತ್ರಗಳು ತಿರುಗಿದವು. ಬಿಡಿಸಿದ ಹತ್ತಿಯನ್ನು ಅದುಮಿ ಬೇಲು ಕಟ್ಟುವ ಪ್ರೆಸ್ಸು ಮಾತ್ರ ಅಲುಗಲಿಲ್ಲ. ಸಾವುಕಾರನ ಫೋನು ಬಂತು.

"ಮಧ್ಯಾಹ್ನದೊಳಗ ಪ್ರೆಸ್ಸು ತಿರುಗಲಿಲ್ಲಂದ್ರ ರಾಯಚೂರಿನ ರಿಪೇರಿ ಕಂಪನಿಯವರನ್ನ ಕರಸ್ತೀನಿ. ಅವರು ಬಂದ್ರ ವರ್ಷದ ಕೆಲಸ ಪೂರಾ ತಮಗ ಕೊಡು ಅಂತಾರ. ಆಮ್ಯಾಲ ನನಗ ಅನಬ್ಯಾಡ."

"ಕರಸೂದೇನು ಬ್ಯಾಡ್ರಿ. ಮಧ್ಯಾಹ್ನ ಇನ್ನೂ ದೂರ ಐತಿ."

ಹೊರಸಿನ ಮೇಲೆ ಕೂತು ತೊಡೆಯ ಮೇಲೆ ಲ್ಯಾಪ್‌ಟಾಪು ತೆರೆದಳು. ಅವ್ವ ಕಿಷ್ಟಮ್ಮ ಬಿಸಿನೀರಿನ ಚೊಂಬು ಹಿಡಿದು ನಿಂತಿದ್ದಳು. "ಬಾಣಂತಿ ಅಂದ್ರ ಕೂಸಿನ್ನ ಮಗ್ಗಲಾಗ ಹಾಕ್ಕೊಂಡು ಮಕ್ಕೋಬೇಕು. ಈಕಿ ನೋಡಿದ್ರ ಮಿಲ್ಲನ್ನ ತೊಡಿ ಮ್ಯಾಲೆ ಇಟ್ಕೊಂಡು ಕುಂತಾಳ."

"ಕೂಸು ಏಳೂದ್ರೊಳಗ ಮುಗಸ್ತೀನವ್ವ."

ಆಫೀಸಿನ ಕಂಪ್ಯೂಟರು ಸಿಕ್ಕಿತು. ಉಳಿದ ಪೆಟ್ಟಿಗೆಗಳೂ ಉತ್ತರ ಕೊಟ್ಟವು. ಪ್ರೆಸ್ಸಿನ ಪೆಟ್ಟಿಗೆಯೊಂದೇ ಮಾತಾಡಲಿಲ್ಲ. ಹಾಗಾದರೆ ದಾರಿ ಸರಿಯಿದೆ, ಕಡೆಯ ತುಂಡಿನಲ್ಲೇ ಏನೋ ಆಗಿದೆ. ಪ್ರೆಸ್ಸು ನಡೆಸುವ ಭೀಮಯ್ಯನಿಗೆ ಫೋನು ಹಚ್ಚಿದಳು. ಅವನೂ ಅದೇ ಓಣಿಯವನು, ಮಗ್ಗ ಬಿಟ್ಟು ಮಿಲ್ಲು ಸೇರಿದವನು.

"ಕಾಕಾ, ಪೆಟ್ಟಿಗಿಗೆ ಹಚ್ಚಿದ ನೀಲಿ ವೈರು ನೆಟ್ಟಗ ಐತೇನು?"

"ಪೆಟ್ಟಿಗ್ಯಾಗ ಇಲ್ಲವ್ವ. ದೇವರ ಮುಂದ ಐತಿ."

"ದೇವರ ಮುಂದ ಯಾಕ?"

"ನಿನ್ನಿ ಪೂಜಿಗೆ ಎಲ್ಲಾರೂ ತಂತಮ್ಮ ಹತ್ಯಾರ ಇಟ್ರು. ಶೇಖಮ್ಮ ಕಸಬರಿಗಿ ಇಟ್ಲು, ನಾ ನಟ್ಟು ತಿರುಗಿಸೂ ಪಾನಾ ಇಟ್ಟೆ. ನಿಂದೇನೂ ಇರಲಿಲ್ಲ. ತವರಿಗೆ ಹೋದಾಕಿನ್ನ ಮರತ್ರ ಹೆಂಗ ಅಂತ ವೈರು ಬಿಚ್ಚಿ ಕುಂಕುಮ ಹಚ್ಚಿ ಇಟ್ಟೆ. ನೀ ಅದರಾಗ ಅಲ್ಲೇನು ಕೆಲಸ ಮಾಡೂದು?"

"ಇವತ್ತ ತಿರುಗಿ ಹಚ್ಚಬೇಕಿಲ್ಲೇನು?"

"ನಾ ಹೆಂಗ ಹಚ್ಚಲಿ? ಯಾರ ಹತ್ಯಾರ ಅವರ ಎತ್ತಬೇಕು. ನಿಮ್ಮಪ್ಪನ ಲಾಳಿ ನಾ ಎತ್ತೇನೇನು?"

ನೇಕಾರರ ಮನೆಯಲ್ಲಿ ದಸರೆಗೆ ದೇವರ ಮುಂದಿಟ್ಟ ಲಾಳಿಯನ್ನು ಬೇರೆ ಕೈ ಮುಟ್ಟುವುದಿಲ್ಲ. ನೇಯುವವನೇ ಮರುದಿನ ಎತ್ತಿಕೊಂಡು ಮಗ್ಗಕ್ಕೆ ಕೂರಬೇಕು. ಸಾವುಕಾರನಿಂದ ಒಂದು ಮಾತು ಹೇಳಿಸಿದರೆ ಭೀಮಯ್ಯ ವೈರು ಹಚ್ಚಿಯೇ ಹಚ್ಚುತ್ತಿದ್ದ. ಆದರೆ ಆಮೇಲೆ ಯಂತ್ರ ಕೆಮ್ಮಿದಾಗೆಲ್ಲ ತಾನು ಮುಟ್ಟಿದ್ದಕ್ಕೇ ಹೀಗಾಯಿತೆಂದು ಅವನು ಕೊರಗುತ್ತಿದ್ದ. ಅಖಿಲಾಗೆ ಅದು ಬೇಕಿರಲಿಲ್ಲ.

"ಕಾಕಾ, ಅಪ್ಪ ಕೈ ಮುರ್ಕೊಂಡ ವರ್ಷ ಲಾಳಿ ಯಾರು ಎತ್ತಿದ್ರು ನೆನಪೈತೇನು?"

"ನಿಮ್ಮವ್ವ."

"ಅಪ್ಪ ಒಪ್ಪಿಗಿ ಕೊಟ್ಟ, ಅವ್ವ ಎತ್ತಿದ್ಲು. ನನಗೂ ಪುರುಡಿನಾಗ ಮುಟ್ಟಾಕ ಬರಂಗಿಲ್ಲ. ಅದಕ್ಕ ಒಪ್ಪಿಗಿ ಕೊಡ್ತೀನಿ. ನನ್ನ ಕೈ ಅಂತ ತಿಳಕೊಂಡು ನೀನ ಎತ್ತು."

ಬಾಗಿಲಲ್ಲಿ ನಿಂತಿದ್ದ ಕಿಷ್ಟಮ್ಮ ಅಲ್ಲಿಂದಲೇ ಜೋರಾಗಿ, "ಎತ್ತೋ ಭೀಮಯ್ಯ, ನಾ ಎತ್ತಿದ ವರ್ಷ ಒಂದು ಎಳಿನೂ ಹರೀಲಿಲ್ಲ" ಅಂದಳು.

"ಅಕ್ಕ ಅಂದ ಮ್ಯಾಲೆ ಆತು ಬಿಡು."

ತುಸು ಹೊತ್ತಿಗೆ ಪ್ರೆಸ್ಸಿನ ಪೆಟ್ಟಿಗೆ ಪರದೆಯ ಮೇಲೆ ಕಣ್ಣು ಬಿಟ್ಟಿತು. ಅಖಿಲಾ ಒಂದೊಂದೇ ಸಾಲು ನೋಡುತ್ತ ಬಂದಳು. ಇನ್ನೂ ಒಂದು ಹಿಡಿ ಹತ್ತಿ ಬಿದ್ದಿಲ್ಲ, ಆದರೂ ಡಬ್ಬಿ ತುಂಬಿದೆ ಅನ್ನುತ್ತಿತ್ತು ಯಂತ್ರ. ಹತ್ತಿ ಎಲ್ಲಿಯವರೆಗೆ ಬಂತೆಂದು ನೋಡುವ ಸೆನ್ಸರಿನ ಕಣ್ಣಿಗೆ ಏನೋ ಅಡ್ಡ ನಿಂತಿದೆ.

"ಕಾಕಾ, ಪ್ರೆಸ್ಸಿಗೂ ಹಾರ ಹಾಕೀರೇನು?"

"ಹಾಕದ ಇರ್ತೀವೇನು? ಚೆಂಡುಹೂವಿಂದು, ತೊಡಿ ದಪ್ಪ ಐತಿ."

"ಮೊದಲು ಕರೆಂಟ್ ತಗಿ, ಕೀಲಿ ನಿನ್ನ ಕಿಸೆದಾಗ ಇಟ್ಕೊ. ಡಬ್ಬಿ ಮ್ಯಾಲಿನ ಕಣ್ಣಿನ ಮುಂದ ಹಾರ ಬಂದೈತಿ, ಬಾಜೂಕ ಸರಸು. ಎಲ್ಲಾರೂ ದೂರ ನಿಂತ ಮ್ಯಾಲೆ ನೀನ ಚಾಲೂ ಮಾಡು. ನಾ ಇಲ್ಲಿಂದ ಚಾಲೂ ಮಾಡಂಗಿಲ್ಲ."

ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಮೊದಲು ಗುರ್ರೆಂದಿತು, ಆಮೇಲೆ ಭಾರವಾದ ಒಂದೇ ಲಯ. ಎಲ್ಲೂ ಎಳೆ ಹರಿದಿರಲಿಲ್ಲ.

ಸಾವುಕಾರ ಭೀಮಯ್ಯನ ಫೋನು ಇಸಿದುಕೊಂಡ. "ರಾಯಚೂರಿನವರಿಗೆ ಬರಬ್ಯಾಡ್ರಿ ಅಂತ ಹೇಳಿದೆ. ಈ ಕೆಲಸ ನಿಂದ."

"ನನ್ನದ ಇತ್ತಲ್ರಿ," ಅಂದಳು ಅಖಿಲಾ. "ಭೀಮಯ್ಯ ಕಾಕಾಗ ಕೊಡ್ರಿ."

"ಕಾಕಾ, ನನ್ನ ಮೇಜಿನಾಗ ಹಳೇ ಟೆಸ್ಟರ್ ಐತಿ. ಮುಂದಿನ ದಸರಾಕ್ಕ ಅದನ್ನ ಇಡು. ವೈರು ಅದರ ಜಾಗಾದಾಗ ಇರಲಿ."

"ಮುಂದಿನ ದಸರಾಕ್ಕ ಕೂಸಿನ್ನ ಎತ್ಕೊಂಡು ನೀನ ಬಂದು ಇಡು."

ಅಷ್ಟರಲ್ಲಿ ಕೂಸು ಎದ್ದಿತು. ಕಿಷ್ಟಮ್ಮ ಲ್ಯಾಪ್‌ಟಾಪು ಎತ್ತಿ ಗೂಡಿನಲ್ಲಿಟ್ಟು, ಅದು ಇದ್ದ ಮಗಳ ತೊಡೆಯ ಮೇಲೆ ಮೊಮ್ಮಗಳನ್ನು ಮಲಗಿಸಿದಳು.