ಚೀಲದ ತಳ

ನಿನ್ನೆ ಅಂಗಡಿಯಿಂದ ಮನೆಗೆ ಬಂದಾಗ ನಡುಮನೆಯಲ್ಲಿ ಗೋಡೆಗೆ ಒರಗಿಸಿದ್ದ ಸಣ್ಣ ಚೀಲದಿಂದ ಒಣಮೆಣಸಿನಕಾಯಿಯ ವಾಸನೆ ಬರುತ್ತಿತ್ತು. ಬ್ಯಾಡಗಿಯಲ್ಲಿ ಹುಟ್ಟಿ, ಮೆಣಸಿನಕಾಯಿ ದಲಾಲಿಯಲ್ಲೇ ತಲೆ ಹಣ್ಣಾದವನಿಗೆ ಅದೇನೂ ಹೊಸದಲ್ಲ. ಯಾರು ಕಳಿಸಿದ್ದು, ಏನು ಕೆಲಸ ಆಗಬೇಕಾಗಿದೆ ಎಂದು ಸಂಶಯದಿಂದಲೇ ಕೇಳಿದೆ.

“ನಿಮ್ಮ ಇಂಗ್ಲಿಷ್ ಸರ್ ತೀರಿಕೊಂಡ್ರಂತ. ಅವರ ಮಗಳು ಬಂದಿದ್ಲು. ಈ ಚೀಲ ನಿಮಗಂತ ಸರ್ ಎತ್ತಿಟ್ಟಿದ್ರಂತ ನೋಡ್ರಿ,” ಎಂದಳು ಹೆಂಡತಿ.

ಎಂಬತ್ತರ ದಶಕದ ಮಾತು. ಹೈಸ್ಕೂಲಿನಲ್ಲಿ ನನಗೆ ಇಂಗ್ಲಿಷ್ ಒಂದೇ ಕಬ್ಬಿಣದ ಕಡಲೆ. ಸರ್ ಸಂಜೆ ನಮ್ಮ ಅಂಗಡಿಯ ಹಿಂದಿನ ಕೋಣೆಗೆ ಬಂದು ಪಾಠ ಹೇಳುತ್ತಿದ್ದರು. ಕಾಗಿನೆಲೆ ಕಡೆ ಅವರಿಗೆ ತುಸು ಹೊಲವಿತ್ತು, ಬೆಳೆದ ಮೆಣಸಿನಕಾಯಿ ಮಾರಾಟಕ್ಕೆ ನಮ್ಮಲ್ಲಿಗೇ ಬರುತ್ತಿತ್ತು. ಪಾಠದ ನೆವದಲ್ಲಿ ದರ ಏರಿಸಲು ನೋಡುತ್ತಾರೇನೋ ಎಂಬ ಅನುಮಾನ ಅಪ್ಪನಿಗೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಆಸಾಮಿ ಅವನು. ಅವ್ವ ಉಪ್ಪು ಹಾಕಿದ್ದೇನೆ ಎಂದರೂ ಸಾರನ್ನು ನಾಲಿಗೆಗೆ ಹಚ್ಚಿ ನೋಡಿಯೇ ಅನ್ನಕ್ಕೆ ಸುರಿದುಕೊಳ್ಳುತ್ತಿದ್ದ. ನಾನೂ ಅವನ ಮಗನೇ.

ತೂಕ ಹೆಚ್ಚಲೆಂದು ಚೀಲದ ತಳಕ್ಕೆ ನೀರು ಚಿಮುಕಿಸಿ ತರುವವರಿದ್ದರು. ಅದಕ್ಕೇ ಯಾರ ಚೀಲ ಬಂದರೂ ಅಪ್ಪನ ಕೈ ಮೊಳಕೈವರೆಗೆ ಒಳಗಿಳಿದು ತಳ ಮುಟ್ಟುತ್ತಿತ್ತು.

ಒಂದು ಸಂಜೆ ಸರ್ ‘ಬಿಲೀವ್’ ಮತ್ತು ‘ಟ್ರಸ್ಟ್’ ಹೇಳಿಕೊಡುತ್ತಿದ್ದರು. ಎರಡೂ ನಂಬೋದs ಅಲ್ಲೇನ್ರಿ ಎಂದೆ.

“ಮಾತು ನಂಬಿದ್ರ ಬಿಲೀವ್. ಮನಷ್ಯಾನ್ನ ನಂಬಿದ್ರ ಟ್ರಸ್ಟ್. ಚೀಲ ಒಣಗೇತಿ ಅಂದಾಗ ಹೌದ್ರಿ ಅನ್ನೋದು ಬಿಲೀವ್. ಕೈ ಹಾಕದs ಬಾಯಿ ಹೊಲಿಯೋದು ಟ್ರಸ್ಟ್.”

ಹೊರಗಿದ್ದ ಅಪ್ಪ ನಕ್ಕ. “ಹಂಗ ಟ್ರಸ್ಟ್ ಮಾಡಿದಾಂವ ಈ ಪ್ಯಾಟ್ಯಾಗ ಒಬ್ಬನೂ ಉಳದಿಲ್ಲ ಬಿಡ್ರಿ ಸರ್!”

ಆ ಸುಗ್ಗಿಯಲ್ಲೇ ಸರ್ ತಂದ ಒಂದು ಚೀಲದ ತಳ ಅಪ್ಪನ ಕೈಗೆ ತಣ್ಣಗೆ ಹತ್ತಿತು.

“ನೀರು ಹೊಡದಿಲ್ರಿ. ಚಕ್ಕಡಿ ಹಲಗಿ ಹಸಿ ಇತ್ತೇನೋ...” ಎಂದರು ಸರ್.

“ನಿಮ್ಮ ಮಾತು ನಂಬೇನ್ರಿ,” ಎಂದ ಅಪ್ಪ, ಹಮಾಲರ ಕಡೆ ಕಣ್ಣು ಮಾಡಿದ. ಅವರು ಸರ್ ತಂದ ಚೀಲಗಳನ್ನೆಲ್ಲ ಅಂಗಡಿ ಮುಂದೆ ಸುರಿದರು. ನಮ್ಮಲ್ಲಿ ಹಾಗೆ ಸುರಿಸಿದರೆ ಮಾನ ಹರಾಜು ಹಾಕಿದಂತೆಯೇ. ಉಳಿದವೆಲ್ಲ ಒಣಗಿಯೇ ಇದ್ದವು. ಆದರೆ ನೋಡುವವರ ಕಣ್ಣು ಆ ತೊಯ್ದ ಕಾಯಿಗಳ ಮೇಲೆ. ಸಾಲಿ ಕಲಿಸೋರು ಇದನ್ನ ಯಾವಾಗ ಕಲತ್ರೋ ಎಂದು ಯಾರೋ ನಕ್ಕರು.

ಮರುದಿನ ಶಾಲೆಯಲ್ಲೂ ಅದೇ ಪಿಸುಮಾತು. ಸರ್ ಮತ್ತೆ ಅಂಗಡಿಗೆ ಬರಲಿಲ್ಲ. ಹಾವೇರಿಗೆ ವರ್ಗ ಮಾಡಿಸಿಕೊಂಡು ಹೋಗುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, “ನಿಮ್ಮಪ್ಪ ನನ್ನ ಮಾತು ನಂಬ್ಯಾರ, ನನ್ನ ನಂಬಿಲ್ಲ. ಈಗರ ಫರಕ್ ತಿಳೀತೇನ?” ಎಂದರು.

ತಿಳಿದಿತ್ತು. ಮುಂದೆ ರಾಣೆಬೆನ್ನೂರಿನ ಕಾಲೇಜಿಗೆ ಹೋಗುವಾಗ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಸಿಕ್ಕರು. ಓದು ಹೆಂಗ ನಡದೈತಿ ಎಂದು ಕೇಳಿದರು. ನಾನು ನಿಮ್ಮನ್ನು ನಂಬಿದ್ದೇನೆ ಸರ್ ಎನ್ನಬೇಕೆಂದುಕೊಂಡೆ. ಚಲೋ ನಡದೈತ್ರಿ ಎಂದಷ್ಟೇ ಹೇಳಿ ಬಸ್ ಹತ್ತಿದೆ. ಹಲಗೆ ಹಸಿಯಿದ್ದರೆ ಒಂದೇ ಚೀಲ ಯಾಕೆ ತೊಯ್ಯಬೇಕು... ಈ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ನಿನ್ನೆ ಆ ಚೀಲದ ಮುಂದೆ ಬಹಳ ಹೊತ್ತು ಕುಳಿತಿದ್ದೆ. ಹೊಲಿಗೆ ಬಿಚ್ಚಿದೆ. ಸರ್ ಚೀಲಕ್ಕೆ ಮಾತ್ರ ಕೈ ಹಾಕುವುದು ಬೇಡ ಎಂದುಕೊಂಡೆ. ಅಷ್ಟರಲ್ಲಿ ಕೈ ಒಳಗೆ ಇಳಿದೇ ಬಿಟ್ಟಿತ್ತು. ತಳದ ಕಾಯಿಗಳು ಬೆರಳಿಗೆ ಸಿಕ್ಕು ಚಟಚಟನೆ ಮುರಿದವು, ಅಷ್ಟು ಒಣಗಿದ್ದವು.

“ಏನ್ ಹುಡಕಾಕತ್ತೀರಿ?” ಎಂದಳು ಹೆಂಡತಿ.

ಏನಿಲ್ಲ ಎಂದೆ. ಸರ್ ಎದುರಿಗೇ ನಿಂತು ನೋಡುತ್ತಿದ್ದಾರೆನಿಸಿ ನಾಚಿಕೆಯಾಯಿತು. ತಪ್ಪಾಯಿತು ಎನ್ನಲು ಅವರಿಲ್ಲ. ಕೈ ಇನ್ನೂ ಚೀಲದೊಳಗೇ ಇತ್ತು.