ಮಾಸ್ತರರ ಮೇಲೊಂದು ತಕರಾರು

ಜಮಖಂಡಿ ಕೋರ್ಟಿನ ಆವರಣದಲ್ಲಿ ನನ್ನ ಬಾಯಿಯ ಬಗ್ಗೆ ಒಳ್ಳೆಯ ಅಭಿಪ್ರಾಯವಿದೆ. ಬದುವಿನ ಮೇಲೆ ನಿಂತ ಒಂದು ಬೇವಿನ ಮರ ಯಾರ ಪಾಲಿನದು ಎಂಬ ವಿಷಯವಾಗಿ ನಾನು ಊಟದ ಹೊತ್ತು ಮೀರುವವರೆಗೂ ವಾದಿಸಬಲ್ಲೆ. ಎದುರು ವಕೀಲರು ಆಕಳಿಸಿದರೆ ನನಗೆ ಬೇಸರವಿಲ್ಲ, ನ್ಯಾಯಾಧೀಶರು ಗಡಿಯಾರ ನೋಡಿದರೆ ನಾಚಿಕೆಯೂ ಇಲ್ಲ. ಇಂಥ ನಾನು ಒಬ್ಬ ಶಾಲಾ ಮಾಸ್ತರರ ಎದುರು ಒಂದೇ ಒಂದು ವಾಕ್ಯ ಹೇಳಲಾರದೆ ಎರಡು ಸಲ ಮನೆಗೆ ಮರಳಿದೆ ಎಂದರೆ ನೀವು ನಂಬಲಿಕ್ಕಿಲ್ಲ. ನನ್ನ ಹೆಂಡತಿ ಮಾತ್ರ ತಕ್ಷಣ ನಂಬಿದಳು.

ವಿಷಯ ನನ್ನ ಮಗಳದು. ಶ್ರಾವಣಿ ಮೂರನೆಯ ಇಯತ್ತೆಯಲ್ಲಿ ಓದುತ್ತಾಳೆ, ಎಡಗೈಯಲ್ಲಿ ಬರೆಯುತ್ತಾಳೆ. ಬರೆಯುವುದೇನು, ಚಿತ್ರ ಬಿಡಿಸುವುದು, ಬಾಗಿಲು ತೆಗೆಯುವುದು, ಪಕ್ಕದ ಮನೆಯ ಮಾವಿನ ಗಿಡಕ್ಕೆ ಕಲ್ಲು ಹೊಡೆಯುವುದು ಎಲ್ಲವೂ ಅದೇ ಕೈಯಿಂದ. ಒಂದು ಸಂಜೆ ಅವಳು ಬಲಗೈಯಲ್ಲಿ ಪೆನ್ಸಿಲು ಹಿಡಿದು ತಿಣುಕುತ್ತಿದ್ದಳು. ಎಡಗೈ ಕಾಣಲಿಲ್ಲ, ತೊಡೆಯ ಕೆಳಗಿತ್ತು. ನನ್ನ ಹೆಂಡತಿ ಎಳೆದು ನೋಡಿದರೆ ಬೆರಳ ಗೆಣ್ಣುಗಳು ಬಾತುಕೊಂಡಿದ್ದವು. ಈ ವರ್ಷ ಹೊಸದಾಗಿ ಅವಳ ವರ್ಗಕ್ಕೆ ಬಂದ ಕುಲಗೋಡ ಸರ್, ಎಡಗೈ ಪೆನ್ಸಿಲು ಮುಟ್ಟಿದಾಗಲೆಲ್ಲ ಕಟ್ಟಿಗೆಯ ಸ್ಕೇಲಿನ ಅಂಚಿನಿಂದ ಹೊಡೆಯುತ್ತಾರಂತೆ. ಆಮೇಲೆ ಅದೇ ಕೈಯ ಮೇಲೆ ಕುಳಿತು ಬರೆಯಬೇಕಂತೆ. ಅವಳು ಅಳದೆ, ಆಟದ ನಿಯಮ ವಿವರಿಸುವವಳ ಹಾಗೆ ಇದನ್ನೆಲ್ಲ ಹೇಳಿದಳು. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು.

ಸಂಕಟವಾದಾಗ ವಕೀಲನಾದವನು ಏನು ಮಾಡುತ್ತಾನೆ? ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ ಅಡ್ಡಾಡುತ್ತ ಮಕ್ಕಳನ್ನು ಹೊಡೆಯಬಾರದೆಂಬ ಕಾಯ್ದೆಯನ್ನು ಗಟ್ಟಿಯಾಗಿ ಹೇಳತೊಡಗಿದೆ. ಹೆಂಡತಿ ಸ್ವಲ್ಪ ಹೊತ್ತು ಕೇಳಿದಳು. "ಇದನ್ನ ನನ್ನ ಮುಂದ ಯಾಕ ಹೇಳ್ತೀರಿ? ಸಾಲ್ಯಾಗ ಹೋಗಿ ಹೇಳ್ರಿ" ಎಂದಳು.

ಎಡಗೈಯ ಬಗ್ಗೆ ನಮ್ಮವರಿಗೆ ಯಾಕೆ ಇಷ್ಟು ಸಿಟ್ಟೋ ನನಗೆ ತಿಳಿಯದು. ಕೆಲಸ ಕೆಟ್ಟರೆ ಎಡವಟ್ಟು ಎನ್ನುತ್ತೇವೆ, ಎತ್ತಲಾಗೂ ಸೇರದವನನ್ನು ಎಡಬಿಡಂಗಿ ಎನ್ನುತ್ತೇವೆ. ಆದರೆ ಅರ್ಧನಾರೀಶ್ವರನ ಮೂರ್ತಿಯಲ್ಲಿ ಪಾರ್ವತಿಗೆ ಕೊಟ್ಟ ಜಾಗ ಎಡಗಡೆಯದೇ. ಕೈಗಡಿಯಾರ ಕಟ್ಟುವುದೂ ಎಡಕ್ಕೆ, ಎದೆ ಬಡಿದುಕೊಳ್ಳುವುದೂ ಎಡಕ್ಕೆ. ಹೀಗೆ ಒಂದು ಭರ್ಜರಿ ವಾದವನ್ನು ಮನಸ್ಸಿನಲ್ಲೇ ಸಿದ್ಧಮಾಡಿಕೊಂಡು ನಾನು ಶಾಲೆಗೆ ಹೊರಟೆ.

ಆದರೆ ನಮ್ಮ ಸೀಮೆಯ ರೀತಿಯೇ ಬೇರೆ. ಬಂದವರನ್ನು ಯಾಕೆ ಬಂದಿರಿ ಎಂದು ಚಹಾಕ್ಕೆ ಮೊದಲು ಯಾರೂ ಕೇಳುವುದಿಲ್ಲ, ಕೇಳಿದರೆ ಅದು ಅವಮಾನ. ಚಹಾ ಬರುವವರೆಗೆ ಸುಮ್ಮನಿರಲಾಗದು, ಹಾಗಾಗಿ ಸಂಬಂಧ ಹುಡುಕುತ್ತೇವೆ. ಹೆಡ್ ಅಕ್ಕೋರು, ಅಂದರೆ ಶಾಲೆಯ ಮುಖ್ಯೋಪಾಧ್ಯಾಯಿನಿ, ಕಚೇರಿಯ ಸಿಪಾಯಿಯನ್ನು ಚಹಾಕ್ಕೆ ಅಟ್ಟಿ ಕುಲಗೋಡ ಸರ್ ಅವರನ್ನು ಕರೆಸಿದರು. ಸರ್ ಬನಹಟ್ಟಿಯವರು. ನನ್ನ ಹೆಂಡತಿಯ ಅಕ್ಕನನ್ನು ರಬಕವಿಗೆ ಕೊಟ್ಟಿದೆ. ಅವಳಿರುವ ಓಣಿಯಲ್ಲೇ ಸರ್ ಅವರ ಹೆಂಡತಿಯ ತವರುಮನೆ. ಕಪ್ಪು ಅರ್ಧ ಖಾಲಿಯಾಗುವುದರೊಳಗೆ ನಾವಿಬ್ಬರೂ ಹತ್ತಿರದ ನೆಂಟರಾಗಿಬಿಟ್ಟೆವು. ಆದರೂ ಧೈರ್ಯ ಮಾಡಿ, ನಮ್ಮ ಹುಡುಗಿಯ ವಿಷಯ ಎಂದು ಬಾಯಿ ತೆಗೆದೆ. ಅಷ್ಟರಲ್ಲಿ ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆಗೆ ಕಬ್ಬು ಹೊತ್ತ ಟ್ರ್ಯಾಕ್ಟರೊಂದು ಕಿಟಕಿಗಳು ನಡುಗುವಂತೆ ಹಾಡು ಹಾಕಿಕೊಂಡು ಹಾದುಹೋಯಿತು. ಎರಡೂ ಟ್ರೇಲರು ದಾಟುವವರೆಗೆ ನಾವು ಒಬ್ಬರನ್ನೊಬ್ಬರು ನೋಡಿ ನಗುತ್ತ ಕುಳಿತೆವು. ಸದ್ದಡಗಿದ ಮೇಲೆ ಸರ್ ತಾವೇ, ಹುಡುಗಿ ಬಹಳ ಶಾಣ್ಯಾ ಇದ್ದಾಳೆ ಎಂದರು. ಎಲ್ಲ ನಿಮ್ಮ ಆಶೀರ್ವಾದ ಎಂದು ನಾನು ಕೈಮುಗಿದೆ. ಅವರ ಮಗನ ಮೊದಲ ಕೂದಲು ತೆಗೆಸುವ ಜವಳಕ್ಕೆ ಮನೆಮಂದಿಯೆಲ್ಲ ಬರಬೇಕೆಂಬ ಆಮಂತ್ರಣ ಪಡೆದುಕೊಂಡು ಮನೆಗೆ ಬಂದೆ.

ಹೆಂಡತಿ ರೊಟ್ಟಿ ಬಡಿಯುವ ಸದ್ದು ಆ ದಿನ ಸ್ವಲ್ಪ ಜೋರಾಗಿತ್ತು.

ತೂಕದ ಮಾತಿಗೆ ಒಬ್ಬನೇ ಹೋಗಬಾರದು, ಹಿರಿಯರನ್ನು ಕರೆದುಕೊಂಡು ಹೋಗಬೇಕು ಎಂಬುದೂ ನಮ್ಮಲ್ಲಿಯ ರೂಢಿ. ಎರಡನೆಯ ಸಲಕ್ಕೆ ಸಾವಳಗಿಯಿಂದ ನನ್ನ ಅಪ್ಪನ ತಮ್ಮ ಮಲ್ಲಪ್ಪ ಕಾಕಾನನ್ನು ಕರೆಸಿದೆ. ತಲೆಗೆ ಪಟಕಾ, ಮೀಸೆ, ಕೈಯಲ್ಲಿ ಬೆತ್ತ. ಅವನು ಸಂತೆಯಲ್ಲಿ ನಡೆದರೆ ಎತ್ತುಗಳೂ ಸರಿದು ನಿಲ್ಲುತ್ತವೆ. ಮಾಸ್ತರನಿಗೆ ನೀರು ಕುಡಿಸುತ್ತೇನೆ ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದ. ಆದರೆ ಶಾಲೆಯ ಹೊಸ್ತಿಲು ದಾಟಿದ್ದೇ ತಡ, ಕಾಕಾ ಚಪ್ಪಲಿ ಬಿಟ್ಟ, ಬೆತ್ತವನ್ನು ಬೆನ್ನ ಹಿಂದೆ ಮರೆಮಾಡಿದ. ಕುಲಗೋಡ ಸರ್ ಒಳಗೆ ಬಂದಾಗ ಎದ್ದು ನಿಂತ. ಅವರು ಅವನ ಮೊಮ್ಮಗನ ವಯಸ್ಸಿನವರು. ಚಹಾ ಬಂತು. ಕಾಕಾ ಗಂಟಲು ಸರಿಪಡಿಸಿಕೊಂಡು ಹೇಳಿದ:

"ಈಗಿನ ಹುಡುಗ್ರು ಕೈಗೆ ಸಿಗಂಗಿಲ್ರಿ ಸರ್. ನಾಕ್ ಬಿಟ್ಟು ಬುದ್ಧಿ ಕಲಸ್ರಿ."

ನಾನು ಕಪ್ಪನ್ನು ಕೈಯಲ್ಲೇ ಹಿಡಿದು ಕುಳಿತೆ. ಸಾಕ್ಷಿಗಳು ತಿರುಗಿಬೀಳುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಆದರೆ ಬಸ್ ಚಾರ್ಜು ಕೊಟ್ಟು ಕರೆತಂದ ಸಾಕ್ಷಿ ಹೀಗೆ ಮಾಡಿದ್ದಿಲ್ಲ. ಕಾಕಾನದೂ ತಪ್ಪೆನ್ನಲಾಗದು. ಈ ಕಡೆಯ ಹಿರಿಯರಿಗೆ ಮಾಸ್ತರರನ್ನು ಕಂಡರೆ ಆ ಮಾತು ತಾನಾಗಿ ಬರುತ್ತದೆ, ಹೋಗುವವರಿಗೆ ಹೋಗಿ ಬರ್ರಿ ಅಂದ ಹಾಗೆ. ಅದರಲ್ಲಿ ಅರ್ಥವೇನೂ ಇರುವುದಿಲ್ಲ, ಬರೀ ಮರ್ಯಾದೆ ಇರುತ್ತದೆ.

ಕುಲಗೋಡ ಸರ್ ಮಾತ್ರ ಅರ್ಥ ಮಾಡಿಕೊಂಡರು. ಮರುದಿನ ಶ್ರಾವಣಿ ಮನೆಗೆ ಬಂದಾಗ ಗೆಣ್ಣು ಒಡೆದು ರಕ್ತ ಬಂದಿತ್ತು. ನಿಮ್ಮ ಅಜ್ಜನೇ ಬಂದು ಹೇಳಿ ಹೋಗಿದ್ದಾನೆ ಎಂದು ಸರ್ ಎಲ್ಲರೆದುರು ಅಂದರಂತೆ. ಹೆಂಡತಿ ಅರಿಶಿನ ಹಚ್ಚುತ್ತಿದ್ದಳು. ಮಗಳು ನನ್ನ ಮುಖ ನೋಡಿ ಕೇಳಿದಳು:

"ಅಪ್ಪಾ, ನೀ ಹೊಡೀರಿ ಅಂತ ಹೇಳಾಕ ಹೋಗಿದ್ದೇನು?"

ಇಲ್ಲ ಎಂದೆ. ಅವಳು ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಆ ಸಂಜೆ ಬಣ್ಣದ ಪೆನ್ಸಿಲುಗಳ ಡಬ್ಬಿಯನ್ನು ಒಯ್ದು ಪಕ್ಕದ ಮನೆಯ ಹುಡುಗಿಗೆ ಕೊಟ್ಟುಬಿಟ್ಟಳು. ನನಗೆ ನನ್ನ ಮೇಲೇ ಅಸಹ್ಯವಾಯಿತು. ಬಾಂಧವ್ಯ ಕೆಡಬಾರದು, ಮಂದಿ ಏನೆಂದಾರು, ಸರ್ ಬೇಜಾರಾದಾರು ಎಂದು ನಾನು ಎಲ್ಲರ ಮನಸ್ಸನ್ನೂ ಕಾಪಾಡಿದ್ದೆ. ಅವಳ ಕೈಯನ್ನಷ್ಟೇ ಬಿಟ್ಟಿದ್ದೆ.

ಮೂರನೆಯ ಸಲ ಒಬ್ಬನೇ ಹೋದೆ. ಕೋರ್ಟಿಗೆ ಇನ್ನೂ ಹೊತ್ತಿದ್ದರೂ ಧೈರ್ಯಕ್ಕಿರಲೆಂದು ಕರಿ ಕೋಟು ಹಾಕಿಕೊಂಡಿದ್ದೆ. ಹೆಡ್ ಅಕ್ಕೋರು ಎಂದಿನಂತೆ ಸಿಪಾಯಿಯನ್ನು ಕೂಗಿದರು. ಚಹಾ ಬೇಡ ಎಂದೆ. ಸಿಪಾಯಿ ಬಾಗಿಲಲ್ಲೇ ನಿಂತ. ಹೊಟ್ಟೆ ಸರಿಯಿಲ್ಲವೇ ಎಂದು ಅಕ್ಕೋರು ಕೇಳಿದರು. ಸರಿಯಿದೆ, ಆದರೆ ಚಹಾ ಬೇಡ ಎಂದೆ. ಜಮಖಂಡಿಯಲ್ಲಿ ಇದಕ್ಕಿಂತ ಒರಟಾಗಿ ನಡೆದುಕೊಳ್ಳುವುದು ಕಷ್ಟ. ಕುಲಗೋಡ ಸರ್ ಬಂದರು, ನಗುತ್ತ ಜವಳದ ದಿನ ನಿಶ್ಚಯವಾಯಿತು ಎನ್ನತೊಡಗಿದರು. ನಾನು ಎದ್ದು ನಿಂತೆ. ಅರ್ಧನಾರೀಶ್ವರ ಮರೆತುಹೋಗಿದ್ದ, ಕಾಯ್ದೆಯೂ ಮರೆತುಹೋಗಿತ್ತು.

"ನನ್ನ ಮಗಳು ಎಡಗೈಲೆ ಬರೀತಾಳ್ರಿ. ಅಕಿನ್ನ ಹೊಡೀಬ್ಯಾಡ್ರಿ."

ನನ್ನ ವಕೀಲಿಯಲ್ಲಿ ಅಷ್ಟು ಸಣ್ಣ ವಾದವನ್ನು ನಾನು ಎಂದೂ ಮಂಡಿಸಿಲ್ಲ. ಸರ್ ಅವರ ಮುಖ ಬಿಳಿಚಿತು. ನಾಳೆ ಗಂಡನ ಮನೆಯಲ್ಲಿ ಎಡಗೈಲೆ ಊಟಕ್ಕೆ ನೀಡಿದರೆ ನಾಲ್ಕು ಮಂದಿ ನಕ್ಕಾರು, ಹುಡುಗಿಯ ಒಳ್ಳೆಯದಕ್ಕೇ ಮಾಡಿದೆ, ಮೇಲಾಗಿ ನಿಮ್ಮ ಕಾಕಾರೇ, ಎಂದು ಅಷ್ಟಕ್ಕೆ ನಿಲ್ಲಿಸಿದರು. ಅವರು ಅದನ್ನು ನಂಬಿಯೇ ಹೇಳುತ್ತಿದ್ದರು, ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಹೆಡ್ ಅಕ್ಕೋರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಸ್ಕೇಲನ್ನು ಇಲ್ಲಿ ತಂದಿಡಿ, ನಾಳೆಯಿಂದ ನಾನೇ ನಿಮ್ಮ ವರ್ಗದಲ್ಲಿ ಬಂದು ಕೂಡುತ್ತೇನೆ ಎಂದರು. ಸರ್ "ಆತ್ರಿ" ಎಂದರು. ಕ್ಷಮೆ ಕೇಳಲಿಲ್ಲ. ಈಗ ಬಜಾರಿನಲ್ಲಿ ಎದುರಾದರೆ ಮಾತಾಡಿಸುವುದಿಲ್ಲ, ಜವಳದ ದಿನ ಯಾವುದೆಂದು ಕೊನೆಗೂ ಹೇಳಲಿಲ್ಲ. ಹೊಡೆಯುವುದು ಮಾತ್ರ ನಿಂತಿದೆ.

ಒಂದು ವಾರ ಕಳೆದಿರಬೇಕು. ಶ್ರಾವಣಿ ಕಟ್ಟೆಯ ಮೇಲೆ ಕುಳಿತು, ಪಕ್ಕದ ಮನೆಯಿಂದ ಮರಳಿ ಇಸಿದುಕೊಂಡ ಪೆನ್ಸಿಲುಗಳಿಂದ ಒಂದು ಹಸಿರು ಎಮ್ಮೆ ಬಿಡಿಸುತ್ತಿದ್ದಳು, ಎಡಗೈಯಲ್ಲೇ. ಶಾಲೆಯಲ್ಲಿ ಏನು ಹೇಳಿದೆ ಎಂದು ಕೇಳಿದಳು. ಕೋರ್ಟಿನಿಂದ ಆಗತಾನೇ ಬಂದಿದ್ದ ನಾನು ಕೋಟಿನ ಗುಂಡಿ ಸರಿಪಡಿಸಿಕೊಂಡು, ನಡುವೆ ತಕ್ಕಷ್ಟು ವಿರಾಮ ಕೊಟ್ಟು, ಆ ಮಾತನ್ನು ಹಾಗೆಹಾಗೇ ಹೇಳಿ ತೋರಿಸಿದೆ.

"ಅಷ್ಟನ?" ಎಂದಳು.

ಅಷ್ಟೇ ಎಂದೆ.

"ನಾನೂ ಮೊದಲನೇ ದಿನ ಹಂಗ ಹೇಳಿದ್ದೆ, ಎದ್ದ ನಿಂತು. ಅದಕ್ಕ ಹೊಡದ್ರು."

ಎಮ್ಮೆಯ ಕೊಂಬು ಬಿಡಿಸುವುದನ್ನು ಅವಳು ನಿಲ್ಲಿಸಿರಲಿಲ್ಲ. ನಾನು ವಾದ, ಕಾಕಾ, ಕಾಯ್ದೆ ಎಲ್ಲವನ್ನೂ ಬೆನ್ನಿಗಿಟ್ಟುಕೊಂಡು ಎರಡು ಸಲ ನುಂಗಿಕೊಂಡು ಬಂದ ಮಾತನ್ನು ಅವಳು ಸ್ಕೇಲಿನ ಎದುರು ಒಬ್ಬಳೇ ನಿಂತು ಹೇಳಿದ್ದಳು. ನಾನು ಅವಳ ಪಕ್ಕದಲ್ಲಿ ಕುಳಿತೆ. ಪೆನ್ಸಿಲಿನ ಮೊನೆ ಮುರಿಯಿತು, ಚೂಪು ಮಾಡಿ ಕೊಡು ಎಂದು ಕೈ ಚಾಚಿದಳು. ಆ ಕೆಲಸವನ್ನಾದರೂ ನಾನು ಮೊದಲನೆಯ ಸಲಕ್ಕೇ ಮಾಡಿಕೊಟ್ಟೆ.