ಆಂಟಿ ಫರಿನಾಟಾ ತಿಂದ ದಿನ

ಬೆಳಿಗ್ಗೆ ಓವನ್ ಬಾಗಿಲು ತೆಗೆದೆ. ಎಣ್ಣೆಯಲ್ಲಿ ಕಡಲೆಹಿಟ್ಟು ಕೆಂಪಗೆ ಬೆಂದ ವಾಸನೆ ಅಡುಗೆಮನೆ ತುಂಬಿತು. ಅಷ್ಟೇ ಸಾಕಾಯಿತು, ಎದುರುಮನೆ ಆಂಟಿ ನೆನಪಾಗಿಬಿಟ್ಟರು...

ಸಿಂಗಪುರದ ಬೆಡೋಕ್‌ನಲ್ಲಿ ನಮ್ಮದೂ ಅವರದೂ ಒಂದೇ ಕಾರಿಡಾರ್. ವಿಜಯಪುರದ ಕಡೆಯವರು. ಲಿಂಗಪೂಜೆ ಆಗದೆ ತೊಟ್ಟು ನೀರು ಕುಡಿಯುತ್ತಿರಲಿಲ್ಲ. ಮೊಟ್ಟೆಯ ಅನುಮಾನ ಬಂದರೆ ಬಿಸ್ಕತ್ತನ್ನೂ ಮುಟ್ಟುತ್ತಿರಲಿಲ್ಲ. ಕೆಳಗಿನ ಹಾಕರ್ ಸೆಂಟರ್‌ನ ತಿಂಡಿ ಅಂಗಡಿಗಳನ್ನು ದಾಟಿಕೊಂಡೇ ದಿನಾ ತರಕಾರಿಗೆ ಹೋಗುವರು, ಆದರೆ ಅಲ್ಲಿ ಚಹಾ ಬಿಟ್ಟು ಬೇರೇನೂ ಮುಟ್ಟಿದವರಲ್ಲ. ಮನೆಗೆ ಬಂದವರನ್ನು ಮಾತ್ರ ಉಣ್ಣಿಸದೆ ಬಿಡುತ್ತಿರಲಿಲ್ಲ. ನಾನಂತೂ ಅವರ ರೊಟ್ಟಿ ತಿಂದು ತಿಂದೇ ದಪ್ಪಗಾದೆ. ನಮ್ಮ ಜೊತೆ ಬೆಂಗಳೂರು ಕನ್ನಡವನ್ನೇ ಮಾತಾಡುವರು. ಮನಸ್ಸು ತುಂಬಿ ಬಂದಾಗಷ್ಟೇ ಊರ ಮಾತು ಹೊರಬೀಳುತ್ತಿತ್ತು.

ಎರಡು ಸಾವಿರದ ಹದಿನೈದೋ ಹದಿನಾರೋ ಇರಬೇಕು. ಎರಡೂ ಮನೆಯವರು ಸೇರಿ ಇಟಲಿ ಟೂರ್ ಬುಕ್ ಮಾಡಿದೆವು. ಜಿನೋವಾ ಊರಿನಲ್ಲಿ ಇದ್ದದ್ದು ಬರೀ ಅರ್ಧ ದಿನ. ಗಂಡಸರು ಹಡಗು ನೋಡಲು ಹೋದರು, ನಾವಿಬ್ಬರು ಗಲ್ಲಿ ಸುತ್ತಲು ಹೊರಟೆವು. ಆಂಟಿಯ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಟೂರ್ ಶುರುವಾದಾಗಿನಿಂದ ಅವರಿಗೆ ಅದೇ ಊಟ.

ಒಂದು ಅಂಗಡಿಯ ಮುಂದೆ ಆಂಟಿ ಥಟ್ಟನೆ ನಿಂತರು. ಒಬ್ಬಾತ ಸೌದೆ ಒಲೆಯೊಳಗಿನಿಂದ ಭಾರೀ ಅಗಲದ ತಾಮ್ರದ ತಟ್ಟೆ ಎಳೆಯುತ್ತಿದ್ದ. ಅದರಲ್ಲಿ ಹಳದಿ ಹಳದಿಯಾಗಿ, ಅಂಚು ಗರಿಗರಿಯಾದ ಏನೋ ಒಂದು. ಘಮ್ಮೆನ್ನುತ್ತಿತ್ತು! ಆಂಟಿಯ ಮುಖ ಅರಳಿ, ಮರುಕ್ಷಣವೇ ಸಪ್ಪಗಾಯಿತು.

“ಆಮ್ಲೆಟ್ ಕಣಮ್ಮಾ ಅದು. ನಡಿ.”

ಅಂದರೇ ಹೊರತು ಕಾಲು ಕೀಳಲಿಲ್ಲ. ತಟ್ಟೆಯ ಮೇಲಿಂದ ಕಣ್ಣು ತೆಗೆಯದೆ, “ಮದ್ವಿ ಆದಾಗಿಂದ ಎಲ್ಲಾರಿಗೂ ಬಿಸಿಬಿಸಿ ನೀಡೇನವಾ. ನನಗ ಯಾರರ ಬಿಸಿದು ಮಾಡಿ ನೀಡಿದ್ದು ಉಂಡ ನೆನಪಽ ಇಲ್ಲ” ಎಂದರು. ನನಗೆ ಇವತ್ತು ತಿನ್ನಿಸಿಯೇ ತೀರಬೇಕೆಂದು ಹಟ ಬಂತು.

ಅಂಗಡಿಯವನಿಗೆ ಇಂಗ್ಲಿಷ್ ಬಾರದು, ನನಗೆ ಇಟಾಲಿಯನ್ ಬಾರದು. ಬೇರೆ ದಾರಿ ಕಾಣದೆ ಕೈಗಳನ್ನು ರೆಕ್ಕೆಯ ಹಾಗೆ ಬಡಿದು ‘ಕೊಕ್ಕೊಕ್ಕೋ’ ಎಂದೆ. ಕುಕ್ಕರುಗಾಲಲ್ಲಿ ಕೂತು ಮೊಟ್ಟೆ ಇಡುವುದನ್ನೂ ಮಾಡಿ ತೋರಿಸಿದೆ. ಸಾಲಿನಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ಆತ “ನೋ, ನೋ!” ಎನ್ನುತ್ತ ಎಣ್ಣೆ, ಉಪ್ಪು, ನೀರು ತೋರಿಸಿ, ಕೊನೆಗೆ ಒಂದು ಬಟ್ಟಲು ಹಿಟ್ಟು ತಂದಿಟ್ಟ. ಆಂಟಿ ಚಿಟಿಕೆ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನಾಲಿಗೆಗೆ ಹಚ್ಚಿಕೊಂಡರು.

“ಕಡ್ಲಿ ಹಿಟ್ಟವಾ ಇದು! ನಮ್ಮ ಜುಣಕದ ವಡಿ ಇದ್ದಂಗ! ತಗೋ, ಜಲ್ದಿ ತಗೋ!”

ಫರಿನಾಟಾ ಅಂತೆ ಅದರ ಹೆಸರು. ಹೊರಗೆ ಗರಿಗರಿ, ಒಳಗೆ ಬೆಣ್ಣೆಯಂತೆ ಮೆದು. ಆಂಟಿ ನಾಲಿಗೆ ಸುಟ್ಟುಕೊಂಡರೂ ನಿಲ್ಲಿಸಲಿಲ್ಲ. ಖಾರ ಸಾಲದೆಂದು ಚಟ್ನಿಪುಡಿ ಡಬ್ಬಿ ತೆಗೆದು ಉದುರಿಸಿಕೊಂಡರು. ನೋಡುತ್ತಾ ನಿಂತವರಿಗೆ ಕೊಡದೆ ತಿಂದು ಗೊತ್ತಿಲ್ಲವಲ್ಲ, ಅಂಗಡಿಯವನ ಬಾಯಿಗೂ ಒಂದು ತುಂಡು. ಪಾಪ, ಕೆಮ್ಮಿ ಕಣ್ಣೀರು ಸುರಿಸಿದ. ಆಮೇಲೆ ಮತ್ತೆ ಕೈ ಚಾಚಿದ! ಡಬ್ಬಿ ಅವನಿಗೇ ಉಳಿಯಿತು. ಟೂರ್ ಬಸ್ಸಿಗೆ ಹೊತ್ತಾಗಿ ನಾವಿಬ್ಬರು ಶಾಲೆ ಬಿಟ್ಟ ಮಕ್ಕಳ ಹಾಗೆ ಓಡಿದೆವು.

ವಾಪಸ್ ಬಂದ ಮೇಲೆ ನಾನೇ ಅದನ್ನು ಮಾಡಲು ಕಲಿತೆ. ಶನಿವಾರ ಓವನ್‌ನಿಂದ ತೆಗೆಯುತ್ತಲೇ ಹೋಗಿ ಎದುರುಮನೆ ಬೆಲ್ ಒತ್ತುತ್ತಿದ್ದೆ. ಆಂಟಿ ಬಂದವರೇ ಚಕ್ಕಳಮಕ್ಕಳ ಹಾಕಿ ಕೂತು, “ನೀಡವಾ, ನೀಡು. ಸಾಕು ಅನ್ನಾಕಿ ಅಲ್ಲ ನಾ” ಎನ್ನುತ್ತಿದ್ದರು. ಬಡಿಸುವುದರಲ್ಲಿ ಇಷ್ಟು ಸುಖವಿದೆ ಎಂದು ನನಗೆ ತಿಳಿದದ್ದೇ ಆಗ.

ಒಂದೆರಡು ವರ್ಷದ ಮೇಲೆ ಊರಿಗೆ ಹೋದವರು ಅಲ್ಲೇ ಲಿಂಗೈಕ್ಯರಾದರು... ತಂಜಾಂಗ್ ಪಗಾರ್‌ನ ಆಫೀಸಿನಲ್ಲಿದ್ದಾಗ ಅಂಕಲ್ ಫೋನ್ ಮಾಡಿ ತಿಳಿಸಿದರು. ಎಂಆರ್‌ಟಿ ರೈಲಿನಲ್ಲಿ ಬೆಡೋಕ್‌ವರೆಗೂ ಅತ್ತುಕೊಂಡೇ ಬಂದೆ.

ಈಗ ಎದುರುಮನೆಯಲ್ಲಿ ಬೇರೆಯವರಿದ್ದಾರೆ. ಇವತ್ತು ಮಗಳು ಫೋನ್ ನೋಡುತ್ತಲೇ ಎರಡು ತುಂಡು ತಿಂದು, “ಎನಫ್ ಲಾ, ಅಮ್ಮಾ” ಎಂದು ಎದ್ದಳು. ಉಳಿದದ್ದು ಆರಿಹೋಯಿತು. ಆಂಟಿ ಇದ್ದಿದ್ದರೆ ಆರಲು ಬಿಡುತ್ತಿರಲಿಲ್ಲ.